ಏಳನೇ ನಂಬರಿನ ಚಾದರ

ನಮ್ಮೂರಿನಲ್ಲಿ ಮಲಗಿ ಎದ್ದವರ ಚಾದರವನ್ನು ಅದು ಬೆಚ್ಚಗಿರುವಾಗಲೇ ಮಡಚಬೇಕು. ಮೈಯ ಬಿಸಿ ಆರಿತೆಂದರೆ ಬರಹ ಮೂಡತೊಡಗುತ್ತದೆ. ಮೊದಲು ಚಹಾ ಚೆಲ್ಲಿದ ಕಲೆಯ ಹಾಗೆ ತಿಳಿಯಾಗಿ, ಆಮೇಲೆ ಒಂದೊಂದೇ ಸಾಲು ಗಟ್ಟಿಯಾಗಿ, ಮಲಗಿದ್ದವರ ಸ್ವಂತ ಕೈಬರಹದಲ್ಲೇ ಕಾಣಿಸಿಕೊಳ್ಳುತ್ತದೆ. ನಿದ್ದೆಯಲ್ಲಿ ಅವರ ಮನಸ್ಸಿನೊಳಗೆ ಯಾವುದು ಸುತ್ತುತ್ತಿತ್ತೋ ಅದು. ಬ್ಯಾಂಕಿನ ಗುಟ್ಟಿನ ನಂಬರು, ಮನೆಯವರಿಗೂ ಹೇಳದ ಕಾಯಿಲೆ, ಬಾಡಿಗೆ ಮನೆಯ ವಿಳಾಸ, ಒಲ್ಲೆ ಎಂದು ಹೇಳಲಾಗದೆ ನುಂಗಿಕೊಂಡ ಮದುವೆ. ನಮ್ಮ ಮನೆಗಳಲ್ಲಿ ಇದರಿಂದ ತೊಂದರೆಯಿಲ್ಲ. ನಾವೆಲ್ಲ ಮಲಗುವುದು ಕೌದಿಯ ಮೇಲೆ. ಹಳೆಯ ಸೀರೆ, ಧೋತರ, ಅಂಗಿಯ ತುಂಡುಗಳನ್ನು ಜೋಡಿಸಿ ಒತ್ತೊತ್ತಾಗಿ ಹೊಲಿದ ಕೌದಿಯಲ್ಲಿ ಬಣ್ಣ, ಹೂವು, ಹೊಲಿಗೆ ಎಷ್ಟು ತುಂಬಿರುತ್ತವೆಂದರೆ ಅದರ ಮೇಲೆ ಏನು ಮೂಡಿದರೂ ಕಣ್ಣಿಗೆ ಹತ್ತುವುದಿಲ್ಲ. ಸೊಸೆ ಏನು ನೆನೆದು ಮಲಗಿದಳೆಂದು ಅತ್ತೆಗೆ ತಿಳಿಯುವುದಿಲ್ಲ. ಅತ್ತೆಯದು ಸೊಸೆಗೂ ತಿಳಿಯುವುದಿಲ್ಲ. ಹೀಗೆ ಸಂಸಾರಗಳು ನಡೆದುಕೊಂಡು ಬಂದಿವೆ.

ತೊಂದರೆ ಇರುವುದು ಲಾಡ್ಜಿನಲ್ಲಿ. ಪರವೂರಿನವರಿಗೆ ಬಿಳಿ ಚಾದರವೇ ಬೇಕು.

ಊರಲ್ಲಿ ಕೋರ್ಟು ಇರುವುದರಿಂದ ರಾಚಪ್ಪನ ಲಾಡ್ಜಿಗೆ ಜನ ಬರುತ್ತಲೇ ಇರುತ್ತಾರೆ. ಹನ್ನೆರಡು ರೂಮು, ರೂಮಿಗೊಂದು ಮಂಚ. ಬರುವವರಲ್ಲಿ ಹೆಚ್ಚಿನವರಿಗೆ ನಮ್ಮೂರಿನ ಈ ಗುಣ ಗೊತ್ತಿರುವುದಿಲ್ಲ. ಅವರು ಎದ್ದು ಮುಖ ತೊಳೆಯಲು ಹೋದಾಗಲೇ ನಾನು ಒಳಗೆ ಹೋಗಿ ಚಾದರ, ದಿಂಬಿನ ಗವಸು ಎರಡನ್ನೂ ಎಳೆದು ಮಡಚಿ ಹೊರಗೆ ತಂದುಬಿಡುತ್ತೇನೆ. ಅಲ್ಲಿಂದ ಅವು ಕೆರೆಯ ದಂಡೆಗೆ, ಬಟ್ಟೆ ಒಗೆಯುವ ಫಕೀರವ್ವನ ಕೈಗೆ. ಆ ಬರಹ ಒಂದು ಒಗೆತಕ್ಕೆ ಹೋಗುವುದಲ್ಲ. ಸೋಡಾ ಹಾಕಿ ಕುದಿಸಿ, ಕಲ್ಲಿಗೆ ಬಡಿದು, ಎರಡು ದಿನ ಬಿಸಿಲಿಗೆ ಹಾಕಿ, ಕೊನೆಗೆ ನೀಲಿಯಲ್ಲಿ ಅದ್ದಿ ತೆಗೆಯಬೇಕು. ಅಷ್ಟು ಹೊತ್ತೂ ಯಾರೂ ನೋಡಬಾರದು. ಹಿಂದೆ ಅದು ಸುಲಭವಿತ್ತು. ಒಗೆಯುವವರು ಯಾರಿಗೂ ಓದಲು ಬರುತ್ತಿರಲಿಲ್ಲ. ಆಮೇಲೆ ಶಾಲೆ ಬಂತು, ಸಂಜೆಶಾಲೆಯೂ ಬಂತು, ಊರೆಲ್ಲ ಅಕ್ಷರ ಕಲಿಯಿತು. ಆಗ ಫಕೀರವ್ವ ಹೊಸ ರಿವಾಜು ಹಾಕಿದಳು: ಚಾದರ ಒಳಮೈ ಮಾಡಿ ಮಡಚಬೇಕು, ಕುದಿಯುವ ಹಂಡೆಗೆ ಮಡಿಕೆ ಬಿಚ್ಚದೆ ಹಾಕಬೇಕು. ತಪ್ಪಿ ಓದಿದವನು ಆ ಚಾದರದ ಮೇಲೆ ಮಲಗಿದ್ದವರ ಎದುರು ನಿಂತು ಓದಿದೆನೆಂದು ಹೇಳಬೇಕು, ಆಮೇಲೆ ಕೆಲಸ ಬಿಡಬೇಕು. ಅವಳು ಮಾತ್ರ ಅಕ್ಷರ ಕಲಿಯಲೇ ಇಲ್ಲ. ಕಲಿಸಲು ಬಂದ ಟೀಚರಿಗೆ, "ನನಗ ಬ್ಯಾಡವ್ವ. ನಮ್ಮ ಕೆಲಸದಾಗ ಇದು ಬಂದ್ರ ಕಣ್ಣು ಕಟ್ಟಿಕೊಂಡು ಒಗೀಬೇಕಾಗ್ತೈತಿ" ಎಂದಿದ್ದಳಂತೆ.

ನಾನು ಇತಿಹಾಸದಲ್ಲಿ ಎಂ.ಎ. ಮಾಡಿದವನು. ಮೂರು ವರ್ಷ ಅರ್ಜಿ ಹಾಕಿ ಸುಸ್ತಾದ ಮೇಲೆ ರಾಚಪ್ಪನ ಲಾಡ್ಜಿನಲ್ಲಿ ಕೆಲಸ ಕೇಳಿದೆ. ರಾಚಪ್ಪ ತಲೆ ಅಲ್ಲಾಡಿಸಿದ. "ಇವ ಭಾಳ ಓದ್ಯಾನ. ಇವನ್ನ ಚಾದರದ ಹತ್ರ ಹೆಂಗ ಬಿಡೂದು?" ಫಕೀರವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಅವಳು ಕೇಳಿದ ಮೂರು ಪ್ರಶ್ನೆಗೆ ನಾನು ಮೂರು ಸಲ ತಲೆಯಾಡಿಸಿ ಉತ್ತರ ಕೊಟ್ಟಿದ್ದೆ. "ಓದಾಕ ಬರ್ತೈತಿ ಖರೆ," ಎಂದಳು, "ಆದ್ರ ಮಾತಾಡಾಕ ಬರೂದಿಲ್ಲ. ನಡೀತೈತಿ ಬಿಡು." ಅಂದಿನಿಂದ ನನಗೆ ಮಾಸ್ತರ ಎಂದು ಹೆಸರು ಬಿತ್ತು. ನಾನು ಯಾರಿಗೂ ಏನನ್ನೂ ಕಲಿಸಿದವನಲ್ಲ.

ಆ ಕೆಲಸ ನನಗೆ ಹಿಡಿಸಿತು ಎಂದರೆ ಜನ ನಗುತ್ತಾರೆ. ಯಾರೋ ಎದ್ದು ಹೋದ ರೂಮಿನಲ್ಲಿ ಒಂದು ಬಗೆಯ ಸದ್ದಿಲ್ಲದಿರುವಿಕೆ ಇರುತ್ತದೆ. ಖಾಲಿ ಇರುವ ರೂಮಿನ ಮೌನವಲ್ಲ ಅದು. ಹೇಳಬೇಕಾದದ್ದನ್ನು ಹೇಳಿ ಮುಗಿಸಿದ ಮೇಲಿನ ಮೌನ. ಬೆಚ್ಚಗಿನ ಬಟ್ಟೆ ಎರಡೂ ಕೈಯಲ್ಲಿ ಹಿಡಿದು ನಾನು ಅಲ್ಲಿ ಅರ್ಧ ನಿಮಿಷ ನಿಲ್ಲುತ್ತಿದ್ದೆ. ಓದಬಹುದಾಗಿದ್ದನ್ನು ಓದದೆ ಹೊರಗೆ ಬರುವುದರಲ್ಲಿ, ಬೇರೆ ಎಲ್ಲಿಯೂ ಸಿಗದ ಒಂದು ಮರ್ಯಾದೆ ನನಗೆ ಸಿಗುತ್ತಿತ್ತು. ಎರಡು ವರ್ಷ ಒಂದು ಅಕ್ಷರವನ್ನೂ ನಾನು ನೋಡಿರಲಿಲ್ಲ.

ಹೀಗಿರುವಾಗ ಒಂದು ಸೋಮವಾರ ಪ್ರಮೋದ ಎನ್ನುವವನು ಬಂದ. ಇಸ್ತ್ರಿ ಮಾಡಿದ ಅಂಗಿ, ಮೆಲುಮಾತು, ಮಾತಿಗೊಮ್ಮೆ ಸರ್ ಎನ್ನುವ ವಿನಯ. ದೂರದ ಶಹರದ ಲಾಂಡ್ರಿ ಕಂಪನಿಯವನಂತೆ. ಲಾಡ್ಜಿನ ಚಾದರಗಳನ್ನು ಪುಕ್ಕಟೆ ಒಗೆದು ಕೊಡುತ್ತೇವೆ, ಹೊಸ ಚಾದರವನ್ನೂ ನಾವೇ ಕೊಡುತ್ತೇವೆ, ಮೊದಲ ವರ್ಷ ಪ್ರಚಾರಕ್ಕಾಗಿ ಎಂದ. ರಾಚಪ್ಪ ಕೆಟ್ಟವನಲ್ಲ, ಆದರೆ ಪುಕ್ಕಟೆ ಎಂಬ ಮಾತು ಕಿವಿಗೆ ಬಿದ್ದರೆ ಅವನ ಕೈ ತಾನೇ ಪೆನ್ನು ಹುಡುಕುತ್ತದೆ. ಸಹಿ ಹಾಕಿಬಿಟ್ಟ. ಮಂಗಳವಾರ ಹನ್ನೆರಡು ಹೊಸ ಚಾದರ ಬಂದವು, ಮೂಲೆಯಲ್ಲಿ ಕೆಂಪು ದಾರದಿಂದ ಒಂದರಿಂದ ಹನ್ನೆರಡರವರೆಗೆ ನಂಬರು ಹೊಲಿದಿದ್ದರು. ಯಾವ ನಂಬರು ಯಾವ ರೂಮಿಗೆ ಎಂದು ಪ್ರಮೋದ ತಾನೇ ನಿಂತು ಹಾಸಿಸಿದ.

ಸುದ್ದಿ ತಿಳಿದು ಫಕೀರವ್ವ ಒದ್ದೆ ಸೀರೆಯಲ್ಲೇ ಕೆರೆಯಿಂದ ಬಂದಳು.

"ಕರಾರಿನಾಗ ಏನ್ ಬರದೈತಿ, ಓದು" ಎಂದಳು ನನಗೆ.

ಓದಿದೆ. ಚಾದರಗಳನ್ನು ಒಗೆಯದೆ, ಮಲಗಿ ಎದ್ದ ಸ್ಥಿತಿಯಲ್ಲೇ, ನಂಬರು ತಪ್ಪದಂತೆ ಒಪ್ಪಿಸತಕ್ಕದ್ದು.

"ಹೊಲಸು ಬಟ್ಟಿ ಯಾವ ರೂಮಿಂದಾದ್ರೇನು, ಒಗ್ಯಾವಗ?" ಎಂದು ಅವಳು ರಾಚಪ್ಪನನ್ನು ಕೇಳಿದಳು. "ನಂಬರ್ ಯಾಕ ಬೇಕು ಅವಗ?"

ರಾಚಪ್ಪ ಮುಖ ಒರೆಸಿಕೊಂಡ. ಅವನಿಗೂ ಆಗ ಹೊಳೆಯಿತು. "ಯವ್ವಾ, ಸಹಿ ಹಾಕೇನಲ್ಲ..."

"ಹಾಕೀದಿ. ಹನ್ನೆರಡು ಮಂದಿ ಮನಸು ಬರಕೊಟ್ಟಿ. ನಿನ್ನದರೆ ಬರಕೊಡಬಾರದಿತ್ತೇನೋ?"

ಅದೇ ಸಂಜೆ ಎಸ್ತೇರಮ್ಮ ಬಂದು ಏಳನೇ ನಂಬರಿನ ರೂಮು ಹಿಡಿದರು. ಐವತ್ತರ ಹತ್ತಿರದ ನರ್ಸು, ಒಂದು ಚಿಕ್ಕ ಸೂಟ್‌ಕೇಸು, ಬಗಲಲ್ಲಿ ಛತ್ರಿ. ಅವರು ಯಾಕೆ ಬಂದರೆಂದು ಊರಿಗೇ ಗೊತ್ತಿತ್ತು, ಪೇಪರಿನಲ್ಲಿ ಬಂದಿತ್ತು. ಒಂದು ಕಾರ್ಖಾನೆಯಲ್ಲಿ ಬಾಯ್ಲರ್ ಸಿಡಿದು ಮೂವರು ಸತ್ತಿದ್ದರು. ಕೂಡಲೇ ಆಸ್ಪತ್ರೆಗೆ ಕರೆತಂದೆವು ಎಂದು ಕಾರ್ಖಾನೆಯ ಧಣಿ ಹೇಳಿದ್ದ. ಅವರನ್ನು ತಂದದ್ದು ಎಷ್ಟು ಹೊತ್ತಿಗೆ ಎಂದು ಹೇಳಬಲ್ಲವರು ಆ ಹೊತ್ತು ಡ್ಯೂಟಿಯಲ್ಲಿದ್ದ ಎಸ್ತೇರಮ್ಮ ಒಬ್ಬರೇ. ಗುರುವಾರ ಸಾಕ್ಷಿ. ಆಕೆಗೆ ಒಬ್ಬಳೇ ಮಗಳೆಂದೂ, ಆ ಹುಡುಗಿಯನ್ನು ಎಲ್ಲಿಯೋ ಬಚ್ಚಿಟ್ಟಿದ್ದಾರೆಂದೂ ಜನ ಮಾತಾಡುತ್ತಿದ್ದರು. ಧಣಿಯ ಕಡೆಯವರು ಆ ಹುಡುಗಿಯನ್ನು ಎರಡು ತಿಂಗಳಿಂದ ಹುಡುಕುತ್ತಿದ್ದಾರೆ. ಸಿಕ್ಕಿದರೆ ತಾಯಿ ಬಾಯಿ ತೆರೆಯುವುದಿಲ್ಲ.

ಬುಧವಾರ ಬೆಳಿಗ್ಗೆ ಹನ್ನೊಂದು ಚಾದರ ಮಡಚಿ ಮುಗಿಸಿ ಏಳನೇ ರೂಮಿನ ಬಾಗಿಲಿಗೆ ಬಂದೆ. ಎಸ್ತೇರಮ್ಮ ಆಗತಾನೆ ಎದ್ದಿದ್ದರು. ಬೆಳಗಿನ ಜಾವದವರೆಗೆ ನಿದ್ದೆ ಬಂದಿರಲಿಲ್ಲವೆಂದು ಕಣ್ಣೇ ಹೇಳುತ್ತಿತ್ತು. ಬಾಗಿಲಲ್ಲೇ ನಿಂತು ಮಾತಿಗೆ ಹಿಡಿದರು.

"ತಮ್ಮಾ, ಕೋರ್ಟು ಇಲ್ಲಿಂದ ನಡಕೊಂಡು ಹೋಗೂ ದೂರ ಐತೇನು?"

"ಹೂಂ ರೀ."

"ಸಾಕ್ಷಿ ಹೇಳಾವರನ್ನ ಕುಂಡ್ರಸ್ತಾರೋ, ನಿಂದ್ರಸ್ತಾರೋ? ನನಗ ಮಣಕಾಲು ನೋವು. ನಿಂತು ಹೇಳಿದ್ರ ದನಿ ನಡುಗ್ತೈತಿ. ದನಿ ನಡುಗಿದ್ರ ಸುಳ್ಳು ಅಂತಾರ."

ಅದಕ್ಕೆ ಹೂಂ ಎನ್ನುವುದೋ ಉಹುಂ ಎನ್ನುವುದೋ ತಿಳಿಯಲಿಲ್ಲ. ಒಳಗೆ ಚಾದರ ಆರುತ್ತಿತ್ತು. ದಾರಿ ಬಿಡಿ ಎನ್ನಬೇಕಿತ್ತು, ಎರಡೇ ಶಬ್ದ. ಆದರೆ ಎರಡು ತಿಂಗಳಿಂದ ಯಾರ ಜೊತೆಗೂ ಮಾತಾಡದ ಹೆಂಗಸು ಮಾತಾಡುತ್ತಿದ್ದರು, ಅದನ್ನು ತುಂಡರಿಸಲು ನನ್ನಿಂದಾಗಲಿಲ್ಲ. ಕೊನೆಗೆ ಅವರು ಟವೆಲ್ ಹಿಡಿದು ಬಚ್ಚಲಿಗೆ ಹೋದರು. ನಾನು ಒಳಗೆ ಕಾಲಿಟ್ಟೆ. ಮಂಚದ ತುಂಬ ಬರಹ.

ಮುಖ ತಿರುಗಿಸಿದೆ. ಆದರೆ ಓದು ಕಲಿತ ಕಣ್ಣು ಬಹಳ ದುಷ್ಟ. ತಿರುಗುವಷ್ಟರಲ್ಲಿ ಅದು ತನ್ನ ಕೆಲಸ ಮುಗಿಸಿರುತ್ತದೆ. ದುಂಡನೆಯ ಅಕ್ಷರ, ಔಷಧದ ಚೀಟಿ ಬರೆದು ರೂಢಿಯಾದ ಕೈ. ಮಗಳ ಹೆಸರು. ಆಕೆ ಇಟ್ಟುಕೊಂಡಿದ್ದ ಸುಳ್ಳು ಹೆಸರು. ಹಾಸ್ಟೆಲ್ಲು ಯಾವ ಊರಿನಲ್ಲಿ, ಯಾವ ಬೀದಿಯಲ್ಲಿ, ಆಕೆಯ ಮಂಚ ಯಾವ ಕಿಟಕಿಯ ಬಳಿ. ಒಂದೇ ವಿಷಯ ಮೂವತ್ತು ನಲವತ್ತು ಸಲ, ತಲೆಯಿಂದ ಕಾಲಿನವರೆಗೆ, ಜಪ ಮಾಡಿದ ಹಾಗೆ.

ಮಡಚಿದೆ. ಕೆಳಗೆ ಮೆಟ್ಟಿಲ ಬಳಿ ಪ್ರಮೋದ ಬರಿ ಮರದ ಬೆಂಚಿನ ಮೇಲೆ ಕೂತಿದ್ದ. ಮೆತ್ತೆಯ ಕುರ್ಚಿ ಕೊಟ್ಟರೆ ಒಲ್ಲೆ ಎಂದಿದ್ದನಂತೆ. ನಮ್ಮೂರಿನ ಗುಣವನ್ನು ಚೆನ್ನಾಗಿ ತಿಳಿದೇ ಬಂದಿದ್ದ. "ವ್ಯಾನು ನಾಲ್ಕಕ್ಕೆ ಬರುತ್ತೆ ಸರ್. ಅಲ್ಲಿಯವರೆಗೆ ಗಂಟು ಈ ಬಾಗಿಲು ದಾಟಬಾರದು" ಎಂದು ನಕ್ಕ. ಹನ್ನೆರಡು ಚಾದರಗಳನ್ನೂ ಮಾಳಿಗೆಯ ಮೇಲಿನ ತಗಡಿನ ಚಪ್ಪರಕ್ಕೆ ಒಯ್ದೆ. ಫಕೀರವ್ವ ಅಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಳು. ಅವಳು ಬಂದದ್ದು ಬಾಗಿಲಿನಿಂದಲ್ಲ. ನಮ್ಮ ಓಣಿಯ ಮನೆಗಳ ಮಾಳಿಗೆ ಒಂದಕ್ಕೊಂದು ಅಂಟಿಕೊಂಡಿವೆ. ಬೇಕೆಂದರೆ ಕೆರೆಯ ಕಡೆಯ ಮನೆಯಿಂದ ಲಾಡ್ಜಿನವರೆಗೆ ನೆಲ ಮುಟ್ಟದೆ ಬರಬಹುದು.

"ಏಳನೇದು ಒಂದನ್ನ ಸುಟ್ಟುಬಿಡೋಣೇನವ್ವಾ?" ಎಂದೆ. ಅದು ಆ ತಿಂಗಳು ನಾನು ಆಡಿದ ಅತಿ ಉದ್ದದ ಮಾತಿರಬೇಕು.

ಅವಳು ನನ್ನನ್ನೇ ನೋಡಿದಳು. "ಏಳು ಒಂದ ಇಲ್ಲಂದ್ರ, ಏಳರಾಗ ಏನೋ ಐತಿ ಅಂತ ನಾವ ಸಾರಿ ಹೇಳಿದಂಗ. ಇವತ್ತು ಸಂಜಿಕ ಮತ್ತೊಂದು ತಂದು ಹಾಸ್ತಾನ. ಮತ್ತ ಉಳಿದ ಹನ್ನೊಂದು ಮಂದಿ ಏನ್ ಪಾಪ ಮಾಡ್ಯಾರ?" ಎಲೆಯನ್ನು ಉಗುಳಿ ಬಂದು ಕೂತಳು. "ಒಗ್ಯಾಂಗಿಲ್ಲ. ಸುಡಾಂಗಿಲ್ಲ. ಮಲಗಿ ಎದ್ದಂಗ ಕೊಡಬೇಕು. ಹೌದಲ್ಲ, ಬರದಿದ್ದು?"

"ಹೂಂ."

"ಯಾರು ಮಲಗಬೇಕು, ಎಷ್ಟು ಮಂದಿ ಮಲಗಬೇಕು ಅಂತ ಬರದಾರೇನು?"

ಕರಾರನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಓದಿದೆ. ಬರೆದಿರಲಿಲ್ಲ.

ಫಕೀರವ್ವ ಎದ್ದು ನಿಂತಳು. ಅವಳಿಗೆ ಎಪ್ಪತ್ತು ದಾಟಿತ್ತು. ಆ ಗಳಿಗೆಯಲ್ಲಿ ಅವಳು ಎದ್ದ ರೀತಿ ನೋಡಿದರೆ ಹಾಗೆ ಅನ್ನಿಸಲಿಲ್ಲ. ಒಬ್ಬರ ಬರಹದ ಮೇಲೆ ಇನ್ನೊಬ್ಬರದು, ಅದರ ಮೇಲೆ ಮತ್ತೊಬ್ಬರದು. ಆಗ ಯಾವ ಅಕ್ಷರ ಯಾರದೆಂದು ಬ್ರಹ್ಮನಿಗೂ ತಿಳಿಯುವುದಿಲ್ಲ. ಅವಳು ಪಕ್ಕದ ಮಾಳಿಗೆಯ ಕಡೆಗೆ ತಿರುಗಿ ಮೆಲ್ಲನೆ ಕೂಗಿದಳು. ಅಲ್ಲಿಂದ ಆಚೆಯ ಮಾಳಿಗೆಗೆ ಸುದ್ದಿ ಹೋಯಿತು.

ಮಧ್ಯಾಹ್ನದ ಊಟ ಮುಗಿಸಿ ಜನ ಬರತೊಡಗಿದರು. ಹಿತ್ತಲಿನ ಏಣಿ ಹತ್ತಿ, ಮೋಟುಗೋಡೆ ದಾಟಿ, ಒಬ್ಬರ ಹಿಂದೆ ಒಬ್ಬರು. ಒಗೆಯುವ ಘಾಟಿನವರು, ಬಳೆ ಅಂಗಡಿಯ ಅಕ್ಕತಂಗಿಯರು, ಅಂಚೆಯವನು, ದರ್ಜಿ ಇಮಾಮಸಾಬ, ಹಿಟ್ಟಿನ ಗಿರಣಿಯವನು ಮೈಮೇಲೆ ಹಿಟ್ಟು ಇದ್ದ ಹಾಗೆಯೇ. ಬಂದವರು ಬಿಳಿ ಚಾದರಗಳನ್ನು ಕಂಡು ದೂರ ನಿಂತರು. ನನಗೆ ಅರ್ಥವಾಯಿತು. ಹುಟ್ಟಿದಾಗಿನಿಂದ ಕೌದಿಯ ಮೇಲೆ ಮಲಗಿದವರು ಅವರು. ಬಿಳಿ ಬಟ್ಟೆಯ ಮೇಲೆ ಮಲಗುವುದೆಂದರೆ ನಡುಬೀದಿಯಲ್ಲಿ ನಿಂತು ಎದೆ ಬಿಚ್ಚಿದ ಹಾಗೆ.

"ನನ್ನ ಹೊಟ್ಯಾಗಿಂದೆಲ್ಲ ಹೊರಗ ಬಿದ್ರ ನನ್ನ ಹೆಂಡತಿ ಮನಿಗೆ ಸೇರಸಾಂಗಿಲ್ಲ" ಎಂದ ಇಮಾಮಸಾಬ.

"ನಿನ್ನ ಹೊಟ್ಯಾಗೇನೈತೋ, ಬರಿ ಬಿರಿಯಾನಿ" ಎಂದಳು ಬಳೆಯ ಹಿರಿಯಕ್ಕ.

"ಅದು ಯಾರ ಮನ್ಯಾಗಿನ ಬಿರಿಯಾನಿ ಅನ್ನೂದ ತ್ರಾಸಿಂದು ನೋಡು."

ನಗು ಎದ್ದಿತು. ಆದರೂ ಯಾರೂ ಮುಂದೆ ಬರಲಿಲ್ಲ. ಫಕೀರವ್ವ ನನ್ನತ್ತ ತಿರುಗಿದಳು. "ನೀ ಹೇಳು ಮಾಸ್ತರ. ನನ್ನ ಮಾತು ದಿನಾ ಕೇಳ್ತಾರ. ನಿಂದು ಯಾರೂ ಕೇಳಿಲ್ಲ."

ನಾನು ಹೇಳಲಾರೆ ಎಂದು ತಲೆ ಅಲ್ಲಾಡಿಸಬಹುದಿತ್ತು. ನನ್ನ ಮೌನವನ್ನು ನಾನು ಎಷ್ಟೋ ವರ್ಷ ದೊಡ್ಡ ಗುಣವೆಂದು ತಿಳಿದಿದ್ದೆ. ಬೆಳಿಗ್ಗೆ ಬಾಗಿಲಲ್ಲಿ ಎರಡು ಶಬ್ದ ಆಡಲಾರದೆ ನಿಂತಾಗ ಅದರ ಇನ್ನೊಂದು ಮುಖ ಕಂಡಿತ್ತು.

"ಇದರಾಗ ಒಂದು ಚಾದರ ಆ ನರ್ಸ್ ಬಾಯಿಯವರದು," ಎಂದೆ. "ಮಗಳು ಎಲ್ಲದಾಳ ಅನ್ನೂದು ಅದರಾಗ ಐತಿ. ನಾಲ್ಕಕ್ಕ ವ್ಯಾನ್ ಬರ್ತೈತಿ. ಐದಕ್ಕ ಆ ಧಣಿ ಕಡಿಯವರಿಗೆ ಗೊತ್ತಾಗ್ತೈತಿ. ನಾಳೆ ಹತ್ತಕ್ಕ ಆಕಿ ಸಾಕ್ಷಿ ಹೇಳಬೇಕು." ಆಮೇಲೆ, "ಯಾರದೂ ಯಾರೂ ಓದೂದಿಲ್ಲ. ನಾನು ಕಾಯ್ತೀನಿ" ಎಂದೆ.

ಇಮಾಮಸಾಬ ಚಪ್ಪಲಿ ಕಳಚಿಟ್ಟ. "ಸರೀರಿ, ಮೂರನೇ ನಂಬರಿಂದು ನನಗ ಕೊಡ್ರಿ. ಅದು ಗಾಳಿಗೈತಿ" ಎಂದು ಉದ್ದಕ್ಕೆ ಚಾಚಿಕೊಂಡ.

ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ. ಒಂದು ಚಾದರಕ್ಕೆ ಇಬ್ಬರು, ಮೂರು ಪಾಳಿ. ಏಳನೇ ನಂಬರನ್ನು ಫಕೀರವ್ವ ತನ್ನ ಸರೀಕ ಮುದುಕಿಯರಿಗೆ ಇಟ್ಟಳು. ಅಕ್ಷರ ಬಾರದವರ ನಿದ್ದೆ ಬರಹವಾಗಿ ಮೂಡುವುದಿಲ್ಲ. ಗೆರೆಗಳಾಗಿ, ಸುಳಿಗಳಾಗಿ, ದಟ್ಟನೆಯ ಬಳ್ಳಿಯಾಗಿ ಮೂಡುತ್ತದೆ. ಅದಕ್ಕಿಂತ ಒಳ್ಳೆಯ ಮುಚ್ಚಳ ಇಲ್ಲ. ಫಕೀರವ್ವನೂ ಸೇರಿ ಊರಲ್ಲಿ ಉಳಿದಿದ್ದ ಅಂಥ ಆರು ಮುದುಕಿಯರು ಅಂದು ಊರಿನ ಅತಿ ಬೆಲೆಯುಳ್ಳ ಮನುಷ್ಯರಾದರು. ಅವರಿಗೂ ಅದು ಗೊತ್ತಿತ್ತು. ದಿಂಬು ಕೇಳಿದರು, ನೀರು ಕೇಳಿದರು, ಒಬ್ಬಾಕೆ ಕಾಲು ಒತ್ತಿಸಿಕೊಂಡಳು.

"ನೀನೂ ಒಂದು ಪಾಳಿ ಬಿದ್ಕೊ ಮಾಸ್ತರ. ಎಷ್ಟು ಮಂದಿ ಆದ್ರ ಅಷ್ಟು ಚಲೋ" ಎಂದಳು ಫಕೀರವ್ವ.

ಇದು ಬರುತ್ತದೆಂದು ನನಗೆ ಗೊತ್ತಿತ್ತು. "ನಾ ಮಲಗಾಂಗಿಲ್ಲವ್ವಾ."

"ಯಾಕ?"

"ನಾ ಮಲಗಿದ್ರ ನನ್ನ ಚಾದರದಾಗೂ ಆ ಹುಡುಗಿ ಹೆಸರ ಬರ್ತೈತಿ." ನೆಲ ನೋಡಿದೆ. "ಮುಂಜಾನೆ ಆರಿಬಿಟ್ಟಿತ್ತು. ಓದೀನಿ."

ಈಗ ಹೋಗು ಎನ್ನುತ್ತಾಳೆ ಎಂದುಕೊಂಡೆ. ರಿವಾಜು ಅವಳೇ ಹಾಕಿದ್ದು. "ಹಂಗಾರ," ಎಂದಳು, ಏಳನೇ ಚಾದರದ ಮೇಲೆ ಕೂತು ಸೆರಗು ಸರಿಮಾಡಿಕೊಳ್ಳುತ್ತ, "ನೀ ಎಚ್ಚರಿರು. ಊರಾಗ ಒಬ್ಬನರ ಎಚ್ಚರಿರಬೇಕಲ್ಲ." ಎಂದು ಕಣ್ಣು ಮುಚ್ಚಿದಳು.

ಮೊದಮೊದಲು ನಿದ್ದೆ ಬರಲಿಲ್ಲ. ಬಾ ಎಂದರೆ ಬರುವುದಲ್ಲ ಅದು. ಯಾರೋ ಕೆಮ್ಮಿದರು, ಯಾರೋ ಕಿಸಕ್ಕೆಂದರು, ಅಂಚೆಯವನು "ಏ ಇಮಾಮಸಾಬ, ನಿನ್ನ ಮಣಕೈ" ಎಂದ. ಆಮೇಲೆ ತಗಡಿನ ಕೆಳಗಿನ ಕಾವು, ಊಟದ ಭಾರ, ಮಜ್ಜಿಗೆ ಎಲ್ಲ ಕೂಡಿ ಕೆಲಸ ಮಾಡಿದವು. ಒಬ್ಬೊಬ್ಬರದೇ ಉಸಿರು ನಿಧಾನವಾಯಿತು. ಒಂದು ಗೊರಕೆ ಎದ್ದಿತು, ಅದಕ್ಕೆ ಇನ್ನೊಂದು ಜೊತೆಯಾಯಿತು. ನಾನು ಮೋಟುಗೋಡೆಗೆ ಒರಗಿ ನಿಂತೆ. ಇಪ್ಪತ್ತನಾಲ್ಕು ಜನ, ಯಾರೋ ಒಬ್ಬ ಹೆಂಗಸಿನ ಯಾರೋ ಒಬ್ಬ ಮಗಳಿಗಾಗಿ, ತಮ್ಮ ಒಳಗಿದ್ದುದನ್ನೆಲ್ಲ ಬಿಳಿ ಬಟ್ಟೆಗೆ ಸುರಿಯುತ್ತಿದ್ದರು. ಮೌನ ಎಂದರೆ ಒಬ್ಬನೇ ಇರುವಾಗ ಸಿಗುವುದು ಎಂದು ನಾನು ನಂಬಿದ್ದೆ. ಇಷ್ಟು ಜನ ಕೂಡಿ ಕಟ್ಟಿದ ಮೌನವನ್ನು ಆ ಮಧ್ಯಾಹ್ನವೇ ನಾನು ಮೊದಲು ಕೇಳಿದ್ದು. ಪಾಳಿ ಮುಗಿದಾಗಲೊಮ್ಮೆ ಮೆಲ್ಲನೆ ಭುಜ ಮುಟ್ಟಿ ಎಬ್ಬಿಸಿದೆ. ಎದ್ದವರು ಹಿಂದಿರುಗಿ ನೋಡದೆ ಜಾಗ ಬಿಟ್ಟರು, ಬಂದವರು ಕೆಳಗೆ ನೋಡದೆ ಮಲಗಿದರು. ಎಪ್ಪತ್ತೆರಡು ಜನರಲ್ಲಿ ಒಬ್ಬನೂ ಕಣ್ಣು ಕೆಳಗೆ ಹಾಕಲಿಲ್ಲ.

ಕೆಳಗೆ ರಾಚಪ್ಪ ತನ್ನ ಪಾಲಿನ ಕೆಲಸ ಮಾಡುತ್ತಿದ್ದ. ಕರಾರು ಮುರಿಯಲು ಅವನಿಗೆ ಧೈರ್ಯವಿರಲಿಲ್ಲ. ಆದರೆ ಊಟ ಹಾಕಬಾರದೆಂದು ಕರಾರಿನಲ್ಲಿ ಇರಲಿಲ್ಲವಲ್ಲ. ಪ್ರಮೋದನಿಗೆ ಬೆಂಚಿನ ಮೇಲೆಯೇ ಬಾಳೆಲೆ ಹಾಕಿ, ಹೋಳಿಗೆಯ ಮೇಲೆ ಹೋಳಿಗೆ, ತುಪ್ಪದ ಮೇಲೆ ತುಪ್ಪ ಬಡಿಸಿದ. "ಇನ್ನೊಂದು ಹಾಕ್ಕೋರಿ ಸಾಹೇಬ್ರ, ನಮ್ಮ ಮನ್ಯಾಕಿ ಬ್ಯಾಸರ ಮಾಡ್ಕೋತಾಳ." ಮೂರೂವರೆಗೆ ನಾನು ಇಳಿದು ನೋಡಿದಾಗ ಪ್ರಮೋದ ಬರಿಯ ಹಲಗೆಯ ಮೇಲೆ ಮಗ್ಗುಲಾಗಿ ನಿದ್ದೆ ಹೋಗಿದ್ದ. ಎಷ್ಟು ಎಚ್ಚರದ ಮನುಷ್ಯ ಎಂದರೆ ಮೈಗೆ ಒಂದು ತುಂಡು ಬಟ್ಟೆ ತಾಗದ ಹಾಗೆ ನೋಡಿಕೊಂಡಿದ್ದ, ಅಂಗಿಯ ಹೊರತು. ಅದೂ ದಟ್ಟ ಗೀರಿನ ಅಂಗಿ. ಆದರೆ ಹಲಗೆ ಕೆನ್ನೆಗೆ ಒತ್ತಿರಬೇಕು. ನಿದ್ದೆಗಣ್ಣಿನಲ್ಲಿ ತನ್ನ ಬಿಳಿ ಕರವಸ್ತ್ರವನ್ನು ಮಡಚಿ ತಲೆಯಡಿ ಇಟ್ಟುಕೊಂಡಿದ್ದ.

ನಾಲ್ಕಕ್ಕೆ ವ್ಯಾನಿನ ಹಾರ್ನು ಕೇಳಿ ಅವನು ಗಾಬರಿಯಿಂದ ಎದ್ದ. ಎದ್ದವನೇ ಗಂಟು ಎಲ್ಲಿ ಎಂದ. ಫಕೀರವ್ವ ನನ್ನ ಹಿಂದೆಯೇ ಮೆಟ್ಟಿಲಿಳಿದು ಬಂದಿದ್ದಳು. ನಾನು ಗಂಟು ಇಳಿಸಿದೆ. ಅವನು ನಂಬರು ಎಣಿಸಿದ, ಹನ್ನೆರಡೂ ಸರಿ. ಮೂಸಿದ, ಸೋಡಾ ವಾಸನೆ ಇಲ್ಲ. ನಕ್ಕು ಏಳನೆಯದನ್ನು ಹೊರಗೆಳೆದು, ನಮ್ಮೆದುರೇ ಬಿಚ್ಚಿದ. ಬೇರೆ ಯಾವುದನ್ನೂ ಮುಟ್ಟಲಿಲ್ಲ.

ಬಾಗಿಲಿನ ಬೆಳಕಿಗೆ ಹಿಡಿದ. ಅದರ ಮೇಲೆ ಕಾಡು ಬೆಳೆದಿತ್ತು. ಸುಳಿಯ ಮೇಲೆ ಸುಳಿ, ಬಳ್ಳಿಯ ಮೇಲೆ ಬಳ್ಳಿ, ಆರು ಮುದುಕಿಯರ ಆಯುಷ್ಯದ ಗೆರೆಗಳು. ನಡುವೆ ಎಲ್ಲೋ ಒಂದು ಕೊಂಬು, ಎಲ್ಲೋ ಅರ್ಧ ದೀರ್ಘ. ಅವನು ಚಾದರ ತಿರುಗಿಸಿದ, ತಲೆಕೆಳಗು ಮಾಡಿದ. ಇನ್ನೊಂದು ಬಿಚ್ಚಿದ, ಮತ್ತೊಂದು. ಒಂದರಲ್ಲಿಯೂ ಒಂದು ಪೂರ್ತಿ ಶಬ್ದ ಸಿಗಲಿಲ್ಲ.

"ಏನ್ರೀ ಇದು?" ಎಂದ. ಸರ್ ಎನ್ನುವುದು ಬಿಟ್ಟುಹೋಗಿತ್ತು. "ಏನ್ ಮಾಡಿದ್ರಿ?"

"ಮಲಗಿದ್ವಿ" ಎಂದಳು ಫಕೀರವ್ವ. "ಮಲಗಿ ಎದ್ದಂಗ ಕೊಟ್ಟೇವಿ. ಓದಿ ನೋಡ್ರಿ ನಿಮ್ಮ ಕರಾರು."

"ಇದನ್ನ ಇಲ್ಲಿಗೇ ಬಿಡೋದಿಲ್ಲ. ನಾನು ಯಾರ ಕಡೆಯವನು ಅಂತ ನಿಮಗೆ ಗೊತ್ತಿಲ್ಲ."

"ಗೊತ್ತಿಲ್ಲ," ಎಂದಳು. "ತಿಳಕೊಳ್ಳೂ ಮನಸಿದ್ರ ತಿಳಕೊಳ್ಳಬಹುದಿತ್ತು." ಅವಳು ಬೆಂಚಿನ ಕಡೆ ನಡೆದಳು. ಕರವಸ್ತ್ರ ಅಲ್ಲೇ ಬಿದ್ದಿತ್ತು, ಇನ್ನೂ ಬೆಚ್ಚಗಿತ್ತು. ಬೇರೆ ಕಡೆ ನೋಡುತ್ತ ಅದನ್ನು ಒಳಮೈ ಮಾಡಿ ನಾಲ್ಕು ಮಡಿಕೆ ಮಡಚಿದಳು, ಎರಡು ಕೈಯಲ್ಲಿ ಹಿಡಿದು ಅವನಿಗೆ ಕೊಟ್ಟಳು. "ಇದು ನಿಮ್ಮದು. ಇಲ್ಲಿ ಯಾರೂ ಓದಿಲ್ಲ. ಮನಿಗೆ ಹೋಗಿ ನೀವ ಒಕ್ಕೊಳ್ರಿ."

ಅವನು ಅದನ್ನು ಹಿಡಿದುಕೊಂಡು ನಿಂತ. ಬಟ್ಟೆ ಆರುತ್ತಿತ್ತು. ಒಂದು ಮೂಲೆ ಎತ್ತಿ ಇಣುಕಿದ. ಅವನ ಮುಖದ ಮೇಲೆ ಬಂದದ್ದನ್ನು ನಾನು ಹೇಳಲಾರೆ. ಏಕೆಂದರೆ ಅಷ್ಟರಲ್ಲಿ ಅಲ್ಲಿದ್ದವರೆಲ್ಲ, ಬಾಗಿಲಲ್ಲಿ ಸೇರಿದ್ದ ಇಮಾಮಸಾಬನೂ, ಬಳೆಯ ಅಕ್ಕತಂಗಿಯರೂ, ರಾಚಪ್ಪನೂ, ಗೋಡೆಯ ಕಡೆಗೆ ಮುಖ ತಿರುಗಿಸಿದ್ದರು. ನಾನೂ ತಿರುಗಿಸಿದೆ. ಕಾಗದ ಹರಿಯುವ ಸದ್ದು ಕೇಳಿತು. ಆಮೇಲೆ ವ್ಯಾನು ಹೊರಟ ಸದ್ದು. ಹಿಂದಿರುಗಿ ನೋಡಿದಾಗ ಕರಾರಿನ ಚೂರುಗಳೂ ಹನ್ನೆರಡು ಚಾದರಗಳೂ ನೆಲದ ಮೇಲೆ ಇದ್ದವು.

"ಹೊಸಾ ಚಾದರ, ಪುಕ್ಕಟೆ" ಎಂದ ಇಮಾಮಸಾಬ. ರಾಚಪ್ಪ ಮೊದಲು ನಕ್ಕ, ಆಮೇಲೆ ಅತ್ತ.

ಉಳಿದದ್ದು ನನ್ನ ಲೆಕ್ಕ. ಕೆಲಸ ಬಿಡುವ ಮಾತನ್ನು ಫಕೀರವ್ವ ಎತ್ತಲಿಲ್ಲ, ಆದರೆ ಓದಿದೆನೆಂದು ಹೇಳುವುದು ಬಾಕಿ ಇತ್ತು. ಸಂಜೆ ಏಳನೇ ರೂಮಿನ ಬಾಗಿಲು ತಟ್ಟಿ, ಎಸ್ತೇರಮ್ಮನ ಎದುರು ನಿಂತು, ಇಡೀ ಕಥೆ ಹೇಳಿದೆ. ಕೊನೆಗೆ, "ನಾನು ಓದೀನ್ರಿ" ಎಂದೆ. ಅವರು ಮಂಚದ ಅಂಚಿಗೆ ಕೂತರು. ಬಯ್ಯುತ್ತಾರೆ ಎಂದುಕೊಂಡೆ, ಅಳುತ್ತಾರೆ ಎಂದುಕೊಂಡೆ.

"ಪೂರ್ತಿ ನೆನಪೈತೇನು?" ಎಂದರು.

"ಮರೀತೀನ್ರಿ. ಪ್ರಯತ್ನ ಮಾಡ್ತೀನಿ."

"ಮರೀಬ್ಯಾಡ ತಮ್ಮಾ." ಅವರು ನನ್ನ ಕೈ ಹಿಡಿದರು, ನಾಡಿ ನೋಡುವವರ ಹಾಗೆ. "ಎರಡು ತಿಂಗಳಾತು, ಇದು ನನಗೊಬ್ಬಾಕಿಗೇ ಗೊತ್ತಿತ್ತು. ನಾಳೆ ನನಗೇನರ ಆದ್ರ ಆಕಿ ಎಲ್ಲದಾಳ ಅಂತ ಹೇಳಾಕ ಜಗತ್ತಿನ್ಯಾಗ ಒಬ್ಬರೂ ಇಲ್ಲ ಅಂತ ನನಗ ನಿದ್ದಿ ಬರತಿರಲಿಲ್ಲ. ಈಗ ನೀ ಅದಿ. ನಾಳೆ ಸಂಜಿ ಮಟ ನನಗೇನೂ ಆಗದಿದ್ರ ಮರಿ. ಅಲ್ಲೀ ಮಟ ಇಟ್ಕೊ."

ಆ ರಾತ್ರಿ ನಾನು ಮಲಗಲಿಲ್ಲ.

ಮರುದಿನ ಕೋರ್ಟಿನ ಹಿಂದಿನ ಬೆಂಚುಗಳು ತುಂಬಿಹೋಗಿದ್ದವು. ಎಪ್ಪತ್ತೆರಡು ಜನರಲ್ಲಿ ಬರಬಹುದಾದವರೆಲ್ಲ ಬಂದಿದ್ದರು. ಧಣಿಯ ವಕೀಲರು ಎದ್ದರು. ಕೈಯಲ್ಲಿದ್ದ ಒಂದು ಹಾಳೆಯನ್ನು ತಿರುಗಿಸಿ ನೋಡಿದರು. ಅದರಲ್ಲಿ ಏನೋ ಇರಬೇಕಾಗಿತ್ತು, ಇರಲಿಲ್ಲ. ಇನ್ನೊಂದು ದಿನಾಂಕ ಕೊಡಿ ಎಂದರು. ನ್ಯಾಯಾಧೀಶರು ಆಗದು ಎಂದರು. ಎಸ್ತೇರಮ್ಮ ಕಟಕಟೆಯಲ್ಲಿ ನಿಂತೇ ಇದ್ದರು, ಕುರ್ಚಿ ಕೊಟ್ಟರೂ ಕೂರಲಿಲ್ಲ. ಗಾಯಾಳುಗಳನ್ನು ಎಷ್ಟು ಹೊತ್ತಿಗೆ ತಂದರು ಎಂದು ಸರ್ಕಾರದ ವಕೀಲರು ಕೇಳಿದರು. "ಮಧ್ಯಾಹ್ನ ಎರಡು ನಲವತ್ತಕ್ಕೆ," ಎಂದರು. "ಬಾಯ್ಲರ್ ಸಿಡಿದದ್ದು ಬೆಳಿಗ್ಗೆ ಹತ್ತಕ್ಕೆ ಅಂತ ಅವರಲ್ಲಿ ಒಬ್ಬ ನನಗೆ ಹೇಳಿದ. ಅಲ್ಲಿಯವರೆಗೂ ಗೇಟು ತೆಗೆದಿರಲಿಲ್ಲ ಅಂದ. ಆಮೇಲೆ ಅವನು ಮಾತಾಡಲಿಲ್ಲ." ದನಿ ಒಂದು ಎಳೆಯೂ ನಡುಗಲಿಲ್ಲ. ಟೈಪ್ ಮಾಡುವವನ ಬೆರಳು ನಿಂತಿತು. ಮೂವರು ಸತ್ತವರ ಮನೆಯವರು ಮುಂದಿನ ಸಾಲಿನಲ್ಲಿದ್ದರು. ಅವರು ಒಬ್ಬರ ಕೈ ಒಬ್ಬರು ಹಿಡಿದುಕೊಂಡದ್ದನ್ನು ನೋಡಿದೆ.

ಹೇಳಿಕೆಗೆ ಸಹಿ ಹಾಕಿ ಎಸ್ತೇರಮ್ಮ ಹೊರಗೆ ಬಂದರು. ಮೆಟ್ಟಿಲ ಮೇಲೆ ಬಿಸಿಲು ಚೆಲ್ಲಿತ್ತು. ಕೆಳಗೆ ಇಡೀ ಊರು, ಧಣಿಯ ಕಡೆಯ ನಾಲ್ಕು ಜನ, ಪೇಪರಿನವರು. "ಆಡಿದ್ದು ಕಾಗದಕ್ಕ ಹೋತು," ಎಂದರು ನನಗೆ. "ಇನ್ನ ಯಾರಿಗೆ ಅಂಜಬೇಕು? ಫೋನ್ ಕೊಡು ತಮ್ಮಾ." ನನ್ನ ಫೋನು ಕೊಟ್ಟೆ. ಅವರು ನಂಬರು ಒತ್ತಿ ಕಿವಿಗೆ ಹಿಡಿದರು, ಕಾದರು. ಆ ಕಡೆಯಿಂದ ದನಿ ಬಂದಾಗ, ಎರಡು ತಿಂಗಳು ತುಟಿಯ ಮೇಲೆ ತರದ ಮಗಳ ಹೆಸರನ್ನು, ನಿಜವಾದ ಹೆಸರನ್ನು, ಬೀದಿಯ ಆಚೆಯ ಚಹಾದ ಅಂಗಡಿಯವರೂ ತಿರುಗಿ ನೋಡುವ ಹಾಗೆ ಗಟ್ಟಿಯಾಗಿ ಕೂಗಿದರು. ಬಾ, ಮನೆಗೆ ಬಾ ಎಂದರು. ಮತ್ತೆ ಕೂಗಿದರು. ಮೆಟ್ಟಿಲ ಕೆಳಗಿನಿಂದ ಫಕೀರವ್ವನೂ ಅದೇ ಹೆಸರು ಹಿಡಿದು ಕೂಗಿದಳು, ಇಮಾಮಸಾಬನೂ, ಬಳೆಯ ಅಕ್ಕತಂಗಿಯರೂ, ಕೊನೆಗೆ ನಾನೂ, ಗಂಟಲು ಹರಿಯುವ ಹಾಗೆ.

ಊರೆಲ್ಲ ಕೇಳಿದ ಹೆಸರು ಅದು, ಗುಟ್ಟೇನೂ ಅಲ್ಲ ಈಗ. ಆದರೂ ಇಲ್ಲಿ ಬರೆಯುವುದಿಲ್ಲ. ಅದನ್ನು ಹೇಳಬೇಕಾದವರು ಹೇಳಿದರು.